ಬೀಜದ ಸಾಲ, ಬುಟ್ಟಿಯ ಪಾಲು

ನಾವು ಒಂದಷ್ಟು ಮನೆಯವರು ಸೇರಿ ಒಂದೇ ಜಮೀನಿನಲ್ಲಿ ತರಕಾರಿ, ಕಾಳು ಬೆಳೆಯುತ್ತೇವೆ. ರಾಸಾಯನಿಕ ಗೊಬ್ಬರ ಇಲ್ಲ, ಕೀಟನಾಶಕ ಇಲ್ಲ. ನೋಡಲು ಬಂದವರೆಲ್ಲ ಮೊದಲು ವಿಚಾರಿಸುವುದು ಗೊಬ್ಬರ ಮತ್ತು ಹುಳದ ಬಗ್ಗೆ. ನನ್ನನ್ನು ಕೇಳಿದರೆ ಅವೆರಡೂ ಕಲಿತುಕೊಳ್ಳಬಹುದಾದ ಕೆಲಸ. ಜಾಸ್ತಿ ತಲೆ ಓಡಿಸಬೇಕಾದದ್ದು ಬೀಜ ಯಾರ ಕೈಯಲ್ಲಿರಬೇಕು, ಬೆಳೆದದ್ದು ಯಾರಿಗೆಷ್ಟು ಅನ್ನುವುದಕ್ಕೆ.

ಮಣ್ಣಿನ ಕಥೆ ಬೇಗ ಮುಗಿಸುತ್ತೇನೆ. ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಹಾಕುತ್ತೇವೆ. ಮೆಕ್ಸಿಕೊ ಕಡೆಯ ರೈತರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಪದ್ಧತಿ ಇದು. ಜೋಳದ ದಂಟಿಗೆ ಬೀನ್ಸ್ ಹಬ್ಬುತ್ತದೆ. ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಕುಂಬಳದ ಎಲೆ ನೆಲ ಮುಚ್ಚಿ ಕಳೆಗೆ ಬಿಸಿಲು ಸಿಗದಂತೆ ಮಾಡುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಬುಟ್ಟಿಗೆ ಬರುತ್ತದೆ.

ಬೀಜದ ವಿಷಯ ಹಾಗಲ್ಲ. ಹೈಬ್ರಿಡ್ ಬೆಳೆಯಿಂದ ಬೀಜ ತೆಗೆದು ಬಿತ್ತಿದರೆ ಬರುವ ಗಿಡಗಳು ಒಂದೊಂದು ಒಂದೊಂದು ಥರ. ಅದಕ್ಕೇ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು. ದುಡ್ಡಿಲ್ಲದ ಮನೆ ಹಿಂದೆ ಬೀಳುವುದು ಇಲ್ಲೇ. ಹಾಗಾಗಿ ಬೀನ್ಸ್, ಟೊಮೆಟೊದಂಥ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆಗಳ ಹೈಬ್ರಿಡ್ ಅಲ್ಲದ ತಳಿಗಳಿಂದ ಶುರು ಮಾಡಿದೆವು. ಇವುಗಳ ಬೀಜ ಬಿತ್ತಿದರೆ ಸಾಮಾನ್ಯವಾಗಿ ತಾಯಿಗಿಡದ ಥರದ್ದೇ ಗಿಡ ಬರುತ್ತದೆ. ಬೀಜಕ್ಕೆಂದು ಗುರುತಿಟ್ಟ ಗಿಡಕ್ಕೆ ಬಟ್ಟೆಯ ಚೂರು ಕಟ್ಟುತ್ತೇವೆ. ಅದರ ಕಾಯಿ ಕೀಳುವಂತಿಲ್ಲ, ಎಷ್ಟೇ ಚೆನ್ನಾಗಿದ್ದರೂ!

ಒಣಗಿದೆಯೋ ಇಲ್ಲವೋ ನೋಡಲು ಯಂತ್ರವೇನೂ ಬೇಡ. ಬೀನ್ಸ್ ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ. ಪಟ್ ಅಂತ ಚೂರಾದರೆ ಸರಿ. ಚಪ್ಪಟೆಯಾದರೆ ಇನ್ನೂ ತೇವ ಇದೆ ಅಂತ ಅರ್ಥ, ಮತ್ತೆ ನೆರಳಿಗೆ ಹರಡಬೇಕು. ಬೀಜದ ತೇವ ಶೇಕಡಾ 1ರಷ್ಟು ಕಡಿಮೆಯಾದರೆ ಅದರ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಬೀಜ ಕಾಪಿಡುವವರ ಹಳೆಯ ಅಂದಾಜು. ಬೀಜದ ಡಬ್ಬಿ ಇಟ್ಟ ಜಾಗ 5 ಡಿಗ್ರಿ ತಂಪಾದರೂ ಹಾಗೇ. ಬಿತ್ತನೆಗೆ ಮುಂಚೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಎಂಟು ಮೊಳೆತರೆ ಧೈರ್ಯವಾಗಿ ಹಂಚುತ್ತೇವೆ. ಐದೇ ಮೊಳೆತರೆ ಒತ್ತಾಗಿ ಬಿತ್ತಿ ಅಂತ ಹೇಳಿ ಕೊಡುತ್ತೇವೆ.

ಒಂದು ಹಿಡಿ ಬೀಜ ಒಯ್ದವರು ಸುಗ್ಗಿಯಲ್ಲಿ ಎರಡು ಹಿಡಿ ತಂದುಕೊಡಬೇಕು. ಬೆಳೆ ಹೋದವರ ಸಾಲ ಮುಂದಿನ ಬೆಳೆಗೆ ಹೋಗುತ್ತದೆ, ಎಲ್ಲರೆದುರು ಕೇಳುವ ಹಾಗಿಲ್ಲ. ರೈತರು ತಾವು ಉಳಿಸಿದ ಬೀಜವನ್ನು ಇಟ್ಟುಕೊಳ್ಳುವುದು, ವಿನಿಮಯ ಮಾಡುವುದು, ಮಾರುವುದು ಅವರ ಹಕ್ಕು ಎಂದು ವಿಶ್ವಸಂಸ್ಥೆ 2018ರ ಘೋಷಣೆಯಲ್ಲಿ ಹೇಳಿದೆ. ಹಕ್ಕು ಇದ್ದರೆ ಸಾಕಾ? ಡಬ್ಬಿಯ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ನಾವೇ ಕೂತು ಮಾತಾಡಬೇಕಾಯಿತು. ಈಗ ಅದು ಮನೆಯಿಂದ ಮನೆಗೆ ಸರದಿಯಲ್ಲಿ ಓಡಾಡುತ್ತದೆ.

ಪಾಲಿನ ಜಗಳ ದೊಡ್ಡದು. ಹೆಚ್ಚು ದುಡಿದವರಿಗೆ ಹೆಚ್ಚು ಅಂದರು ಕೆಲವರು. ಕೇಳಲು ನ್ಯಾಯ ಅನ್ನಿಸುತ್ತದೆ ಅಲ್ವಾ? ಆದರೆ ದಿನಗೂಲಿಗೆ ಹೋಗುವ ಹೆಂಗಸರು ಬೆಳಗ್ಗೆ ಬರಲಾರರು, ಬೆನ್ನು ಬಗ್ಗದ ಅಜ್ಜ ಗುದ್ದಲಿ ಹಿಡಿಯಲಾರರು. ಈ ಲೆಕ್ಕದಲ್ಲಿ ಊಟ ಕಡಿಮೆ ಇರುವವರ ಬುಟ್ಟಿಯೇ ಚಿಕ್ಕದಾಗುತ್ತದೆ. ಕೊನೆಗೆ ಬೀಜ ಆರಿಸುವುದು, ಲೆಕ್ಕ ಬರೆಯುವುದು, ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವುದು, ಇವಕ್ಕೂ ಅಗೆತದಷ್ಟೇ ಗಂಟೆ ಹಾಕಿದೆವು. ತಿನ್ನುವ ಬಾಯಿಗಳ ಮೇಲೆ ಅರ್ಧ ಪಾಲು, ಗಂಟೆಗಳ ಮೇಲೆ ಇನ್ನರ್ಧ. ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಅಧ್ಯಯನ ಕೂಡ ಇಂಥದ್ದೇ: ಕಾಡು, ನೀರು, ಮೀನನ್ನು ಹಂಚಿಕೊಂಡು ಬಾಳುವ ಜನ ತಮ್ಮ ನಿಯಮ ತಾವೇ ಮಾಡಿಕೊಂಡರೆ ಅದು ಬಾಳಿಕೆ ಬರಬಲ್ಲದು ಎಂದು ಅವರು ತೋರಿಸಿದರು. ನಮ್ಮ ನಿಯಮವನ್ನೂ ಆಗಾಗ ತಿದ್ದುತ್ತಿರುತ್ತೇವೆ.

ಸದ್ಯದ ತಕರಾರು ಉಳಿಕೆ ತರಕಾರಿಯದು. ಮಾರಿದ ದುಡ್ಡಲ್ಲಿ ಹನಿ ನೀರಾವರಿ ಪೈಪು ತರೋಣ ಅನ್ನುವವರು ಒಂದು ಕಡೆ. ಮೊದಲು ಕೂಲಿ ಬಿಟ್ಟು ಬಂದವರಿಗೆ ಕೊಡೋಣ ಅನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನಲ್ಲಿದ್ದೇನೆ, ಪೈಪು ಬೇಕೇ ಬೇಕು ಅನ್ನುವುದು ಗೊತ್ತಿದ್ದೂ.