ದುಡ್ಡು ಎಲ್ಲಿಂದ ಬಂತು ಅಂತ ಮೊದಲು ಬರೆದುಕೊಂಡೆ

ಶ್ರೀಮಂತರ ಮನೆಗಳ ಧಾರಾವಾಹಿ ಬರೆಯುತ್ತಿದ್ದೇನೆ ಅಂದರೆ ಜನ ಮೊದಲು ಕೇಳುವುದು ವಿಲನ್ ಯಾರು ಅಂತ. ಅತ್ತೆಯಾ? ನಾದಿನಿಯಾ? ಮನೆ ಬಿಟ್ಟು ಹೋದ ಮಗನಾ? ನಾನು ಅಲ್ಲಿಂದ ಶುರು ಮಾಡಲಿಲ್ಲ. ಒಂದು ದಪ್ಪ ಲೆಕ್ಕದ ಪುಸ್ತಕ ತಂದು ಒಂದೊಂದು ಮನೆಗೂ ಒಂದೊಂದು ಪುಟ ಕೊಟ್ಟೆ. ಈ ಮನೆಗೆ ದುಡ್ಡು ಎಲ್ಲಿಂದ ಬಂತು, ಈಗ ಎಲ್ಲಿಂದ ಬರುತ್ತಿದೆ, ಸಹಿ ಹಾಕುವವರು ಯಾರು ಅಂತ ಬರೆದುಕೊಂಡೆ. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಜಗಳ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಧಾರಾವಾಹಿ ಮೊಬೈಲಿನಲ್ಲಿ ಓದುವಂಥದ್ದು. ವಾರಕ್ಕೆ ಮೂರು ಕಂತು, ಕಂತಿಗೆ ಸುಮಾರು 900 ಪದ. ಬಸ್ಸಿನಲ್ಲಿ ಸೀಟು ಸಿಕ್ಕಿದವರು ಇಳಿಯುವ ಸ್ಟಾಪ್ ಬರುವುದರೊಳಗೆ ಓದಿ ಮುಗಿಸಬೇಕು. ಅದಕ್ಕೂ ಮೊದಲು ನಾನು ಟಿವಿ ಧಾರಾವಾಹಿಗಳಿಗೆ ಡೈಲಾಗ್ ಬರೆಯುತ್ತಿದ್ದೆ. ಅಲ್ಲಿ ಶ್ರೀಮಂತರ ಮನೆ ಅಂದರೆ ದೊಡ್ಡ ಮೆಟ್ಟಿಲಿರುವ ಒಂದು ಬಂಗಲೆ. ಎಲ್ಲರೂ ರೇಷ್ಮೆ ಸೀರೆಯುಟ್ಟೇ ಮಲಗುತ್ತಾರೆ. ಯಜಮಾನ ‘ಬಿಸಿನೆಸ್’ ಮಾಡುತ್ತಾನೆ. ಏನು ಬಿಸಿನೆಸ್ ಅಂತ ಯಾರಿಗೂ ಗೊತ್ತಿಲ್ಲ. ಫೈಲು ಕಳೆದುಹೋದರೆ ಆಸ್ತಿಯೇ ಹೋಯಿತು!

ಊರನ್ನು ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಇಟ್ಟೆ. ಹೆಸರು ಮಾತ್ರ ಯಾವ ನಕ್ಷೆಯಲ್ಲೂ ಇಲ್ಲದ್ದು. ನಿಜವಾದ ಊರಿನ ಹೆಸರು ಹಾಕಿದರೆ ಮಾರನೇ ದಿನವೇ ‘ಇದು ಇಂಥವರ ಮನೆ ಕಥೆ’ ಅಂತ ಶುರುವಾಗುತ್ತದೆ. ಹೆಸರು ಸುಳ್ಳಾದರೂ ನೆಲ ಸುಳ್ಳಾಗಬಾರದು. ಮರವಂತೆಯಲ್ಲಿ ನೋಡಿದ್ದೀರಲ್ಲ, ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ನನ್ನ ಊರೂ ಹಾಗೆ ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿದೆ. ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಅಳಿವೆಯ ಹತ್ತಿರ ಬೋಟು ನಿಲ್ಲುವ ಬಂದರು. ಹಳೇ ಮನೆಗಳು ಹೊಳೆಯ ಬದಿಗೆ, ಹೊಸ ದುಡ್ಡಿನ ಮನೆಗಳು ಕಡಲ ಬದಿಗೆ. ಹಿಂದೆ ಕಡಲಿಗೆ ಮುಖ ಮಾಡಿ ದೊಡ್ಡ ಮನೆ ಕಟ್ಟುವ ಹುಚ್ಚು ಯಾರಿಗೂ ಇರಲಿಲ್ಲ. ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದಿಲ್ಲ, ಮಳೆಗಾಲದಲ್ಲಿ ಅಂಗಳವೂ ಉಳಿಯುವುದಿಲ್ಲ. ಈ ಒಂದು ಸಂಗತಿಯಿಂದಲೇ ಯಾವ ಮನೆ ಎಷ್ಟು ಹಳೆಯದು ಅಂತ ಓದುಗರಿಗೆ ಹೇಳದೆಯೇ ಗೊತ್ತಾಗುತ್ತದೆ.

ಮನೆಗಳು ಮೂರು. ಹಂಚಿನವರು, ಬೋಟಿನವರು, ಬೊಂಬಾಯಿಯವರು. ಊರವರು ಕರೆಯುವುದೂ ಹೀಗೆಯೇ.

ಹಂಚಿನವರ ಪುಟ ಬರೆಯುವುದು ಸುಲಭವಾಯಿತು. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರವರೂ ಅದಕ್ಕೆ ಕೈ ಹಾಕಿದರು. ಹೊಳೆ ಬದಿಯ ಜೇಡಿ, ಸುಡಲು ಕಟ್ಟಿಗೆ, ಸಾಗಿಸಲು ದೋಣಿ, ಮೂರೂ ಕೈಗೆಟಕುವಂತಿದ್ದವು. ಕುಂದಾಪುರದ ಕಡೆಗೂ ಚಿಮಣಿಗಳು ಎದ್ದವು. ಆಮೇಲೆ ತಾರಸಿ ಮನೆಗಳು ಬಂದವು, ಜೇಡಿ ಸಿಗುವುದು ಕಷ್ಟವಾಯಿತು, ಒಂದೊಂದೇ ಚಿಮಣಿ ತಣ್ಣಗಾಯಿತು. ನನ್ನ ಕಥೆಯ ಹಂಚಿನವರಿಗೆ ಈಗ ಉಳಿದಿರುವುದು ಮುಚ್ಚಿದ ಕಾರ್ಖಾನೆಯ ಜಾಗ, ಗೌರವ ಮತ್ತು ಪ್ರತಿ ಬೇಸಿಗೆಯಲ್ಲಿ ಕೈಯಾಡಿಸಬೇಕಾದ ತಮ್ಮದೇ ಮಾಡಿನ ಸಾವಿರಾರು ಹಂಚು. ಆ ಕೆಲಸ ಬಲ್ಲ ಆಳು ಸಿಗುವುದಿಲ್ಲ. ಸಿಕ್ಕಿದರೆ ಕೂಲಿ ಕೇಳಿ ಯಜಮಾನನಿಗೆ ತಲೆ ತಿರುಗುತ್ತದೆ. ಶ್ರೀಮಂತಿಕೆ ಕರಗುವುದನ್ನು ತೋರಿಸಲು ನನಗೆ ಹರಾಜಿನ ನೋಟಿಸ್ ಬೇಕಾಗಲಿಲ್ಲ. ಚಾವಡಿಯಲ್ಲಿ ಸೋರುವ ಜಾಗಕ್ಕೆ ಸೊಸೆ ಯಾವ ಪಾತ್ರೆ ಇಡುತ್ತಾಳೆ ಅನ್ನುವುದು ಸಾಕಾಯಿತು. ಮೊದಲ ವರ್ಷ ತಾಮ್ರದ ಹಂಡೆ ಇತ್ತು. ಈಗ ಪೇಂಟಿನ ಖಾಲಿ ಬಕೆಟ್.

ಬೋಟಿನವರ ಮನೆಯ ಬೇರು ರಂಪಣಿಯಲ್ಲಿದೆ. ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಹತ್ತಾರು ಜನ ಸೇರಿ ಎಳೆಯಬೇಕು, ಸಿಕ್ಕಿದ ಬಂಗುಡೆ, ಬೂತಾಯಿ ಎಲ್ಲರಿಗೂ ಪಾಲಾಗಬೇಕು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುಹಾಕಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು, ಕರಾವಳಿಯಲ್ಲಿ ದೊಡ್ಡ ಗಲಾಟೆಗಳಾದವು. ನನ್ನ ಕಥೆಯ ಅಜ್ಜ ಒಂದೇ ರಂಪಣಿಯಲ್ಲಿ ಪಾಲಿದ್ದವರನ್ನೆಲ್ಲ ಬಿಟ್ಟು ಮೊದಲ ಪರ್ಸೀನ್ ಬೋಟು ಇಳಿಸಿದವನು. ಬಲೆಯ ಆ ಹಳೇ ಪಾಲುದಾರರ ಮೊಮ್ಮಕ್ಕಳು ಈಗ ಅವನ ಮೊಮ್ಮಗನ ಬೋಟಿನಲ್ಲಿ ದುಡಿಯುವ ಕಲಾಸಿಗಳು. ಬೋಟು ನಡೆಸುವ ತಾಂಡೇಲ ಸಿಟ್ಟಾದಾಗ ಅಜ್ಜನ ಹೆಸರು ಎತ್ತುತ್ತಾನೆ. ಇದಕ್ಕಿಂತ ಒಳ್ಳೆಯ ಸೇಡಿನ ಕಥೆಯನ್ನು ನಾನಾಗಿ ಕಟ್ಟಲು ಸಾಧ್ಯವೇ ಇರಲಿಲ್ಲ.

ಇನ್ನೊಂದು ವಿಷಯ. ಬೋಟಿನ ಮಾಲೀಕ ಹೊರಗಿನವರ ಕಣ್ಣಿಗೆ ಕೋಟ್ಯಧಿಪತಿ. ಒಳಗೆ ನೋಡಿದರೆ ಡೀಸೆಲ್, ಮಂಜುಗಡ್ಡೆ, ಬಲೆ, ಕಲಾಸಿಗಳಿಗೆ ಸೀಸನ್ನಿಗೆ ಮೊದಲೇ ಕೊಡುವ ಮುಂಗಡ. ಇವನಿಗೂ ಮುಂಗಡ ಕೊಟ್ಟವರು ಇರುತ್ತಾರೆ. ಕೊಟ್ಟವರ ಮೂಲಕವೇ ಮೀನಿನ ಏಲಂ, ಅಂದರೆ ಹರಾಜು, ಆಗಬೇಕು, ಕಮಿಷನ್ ಅಲ್ಲಿಗೇ ಹೋಗಬೇಕು. ಹಾಗಾಗಿ ಬೋಟಿನವರ ಮನೆಯಲ್ಲಿ ಮದುವೆ ಮಾತುಕತೆ ನಡೆಯುವಾಗ ಮೀನಿನ ಕಮಿಷನ್ ಏಜೆಂಟ್ ಸುಮ್ನೆ ಒಂದು ಕುರ್ಚಿಯಲ್ಲಿ ಕೂತಿರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಓದುಗರು ಅವನನ್ನು ಕಂಡು ಹೆದರಿದಷ್ಟು ನನ್ನ ಯಾವ ವಿಲನ್ನಿಗೂ ಹೆದರಲಿಲ್ಲ.

ಬೊಂಬಾಯಿಯವರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹದಿಮೂರು ವರ್ಷಕ್ಕೆ ಓಡಿಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಸ್ವಂತ ಹೋಟೆಲ್ ಮಾಡಿ, ಊರಿಗೆ ಬಂದು ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದ ಅಜ್ಜಂದಿರು ನಮ್ಮ ಕಡೆ ಮನೆಗೊಬ್ಬರು ಇದ್ದಾರೆ. ಇವರ ಮನೆ ವರ್ಷದಲ್ಲಿ ಹತ್ತು ತಿಂಗಳು ಬೀಗ.

ಈಗ ಸಹಿಯ ವಿಷಯ. ಅಳಿಯಸಂತಾನವನ್ನು, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ನಮ್ಮ ಕಡೆಯ ಪದ್ಧತಿಯನ್ನು, ನಾನು ತಿಂಗಳುಗಟ್ಟಲೆ ಓದಿದೆ. ಊರಿನ ಹಿರಿಯ ವಕೀಲರೊಬ್ಬರ ಜೊತೆ ಕೂತು ಹಳೇ ಪಾಲುಪಟ್ಟಿಗಳನ್ನು ನೋಡಿದೆ. ನಮ್ಮ ಟಿವಿ ಧಾರಾವಾಹಿಗಳ ಜಗಳವೆಲ್ಲ ಅಪ್ಪನಿಂದ ಮಗನಿಗೆ ಹೋಗುವ ಆಸ್ತಿಯದು. ಇಲ್ಲಿ ಕುಟುಂಬ ನಡೆಯುವುದು ತಾಯಿಯಿಂದ. ಮನೆಯ ಯಜಮಾನಿಕೆ ಮಾವನದು, ಅಂದರೆ ತಾಯಿಯ ಅಣ್ಣನದು. ಅವನ ಸ್ವಂತ ಮಕ್ಕಳು ಅವನ ಕುಟುಂಬದವರೇ ಅಲ್ಲ, ಅವರು ತಮ್ಮ ತಾಯಿಯ ಕುಟುಂಬದವರು. ಮಕ್ಕಳ ಮೇಲೆ ಪ್ರೀತಿ, ಅಳಿಯನ, ಅಂದರೆ ಅಕ್ಕತಂಗಿಯರ ಮಗನ, ಮೇಲೆ ಹೊಣೆ. ಒಬ್ಬ ಮನುಷ್ಯನನ್ನು ಹರಿದು ಎರಡು ಮಾಡಲು ಇಷ್ಟು ಸಾಕಲ್ವಾ?

1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದ ಮೇಲೆ ಕುಟುಂಬದ ಒಂದೊಂದು ಕವರು, ಅಂದರೆ ಒಂದೊಂದು ಕವಲು, ಪಾಲು ಕೇಳಬಹುದಾಯಿತು. ಅದರಲ್ಲೊಂದು ಸೂಕ್ಷ್ಮ ಇತ್ತು. ಮುಂದೆ ಸಂತತಿ ಬೆಳೆಸುವ ಹೆಣ್ಣು ಇಲ್ಲದ ಕವಲಿಗೆ ನಿಸ್ಸಂತತಿ ಕವರು ಅಂತ ಹೆಸರು. ಸಂತತಿ ಇರುವ ಕವಲು ಉಳಿದಿರುವಾಗ ಇಂಥವರಿಗೆ ಪಾಲಿನ ಮೇಲೆ ಬದುಕಿರುವಷ್ಟು ದಿನದ ಹಕ್ಕು ಮಾತ್ರ. ಆಮೇಲೆ ಅದು ಮತ್ತೆ ಆ ಕಡೆಗೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಲೆಕ್ಕವೆಲ್ಲ ಬದಲಾಯಿತು. ನಾನು ಹಂಚಿನವರ ಪಾಲನ್ನು ಬೇಕೆಂದೇ ಈ ಎರಡು ಇಸವಿಗಳ ನಡುವೆ, 1953ರಲ್ಲಿ ಇಟ್ಟೆ. ಅಕ್ಕತಂಗಿಯರಿಲ್ಲದ ಒಬ್ಬ ಹಿರಿಯನಿಗೆ ಹೊಳೆ ಬದಿಯ ತೋಟ ಬಂತು, ಬದುಕಿರುವವರೆಗೆ. ಅವನು ಬೊಂಬಾಯಿಯಲ್ಲಿ ಗುಟ್ಟಾಗಿ ಮದುವೆಯಾಗಿದ್ದ. ಅವನ ಮಗಳ ಮೊಮ್ಮಗ ಈಗ ಊರಿಗೆ ಬಂದಿದ್ದಾನೆ, ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು. ಮೊದಲ ಅರವತ್ತು ಕಂತು ಓಡಿದ್ದು ಈ ಒಂದು ಕಾಗದದ ಮೇಲೆ.

ಹಾಗೆಯೇ 1974ರ ಭೂಸುಧಾರಣೆ. ಗೇಣಿದಾರರು ಡಿಕ್ಲರೇಷನ್ ಕೊಟ್ಟದ್ದು, ಅಂದರೆ ಗೇಣಿಯ ಭೂಮಿ ತಮ್ಮ ಹೆಸರಿಗೆ ಆಗಬೇಕು ಅಂತ ನಮೂನೆ 7 ತುಂಬಿ ಟ್ರಿಬ್ಯೂನಲ್ಲಿಗೆ ಹೋದದ್ದು, ನಮ್ಮ ಕಡೆ ಇವತ್ತಿಗೂ ಮನೆಮಾತು. ಯಾರ ಮನೆಯವರು ಯಾರ ವಿರುದ್ಧ ಡಿಕ್ಲರೇಷನ್ ಕೊಟ್ಟರು, ಯಾರು ಕೊಡದೆ ಸುಮ್ಮನಿದ್ದರು, ಕೊಡದಿದ್ದವರಿಗೆ ಧಣಿಗಳು ಏನು ಕೊಟ್ಟರು. ಈ ಮೂರು ಸಾಲಿಗೇ ಕಥೆಯ ಒಂದು ಟ್ರ್ಯಾಕ್ ಆಯಿತು.

ಕಥೆಯ ಕ್ಯಾಲೆಂಡರ್ ಅನ್ನು ಕಡಲೇ ಕೊಟ್ಟಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಗಂಡಸರೆಲ್ಲ ಮನೆಯಲ್ಲಿ. ದುಡ್ಡು ಬರುವುದಿಲ್ಲ, ಖರ್ಚು ನಿಲ್ಲುವುದಿಲ್ಲ. ಆಸಾಡಿಯಲ್ಲಿ ಹೊಸ ಮದುಮಗಳು ತವರಿಗೆ ಬರುತ್ತಾಳೆ, ಬಂದವಳು ವಾಪಸ್ ಹೋಗದಿರಲೂಬಹುದು. ಮನೆಯೊಳಗಿನ ಜಗಳಗಳನ್ನೆಲ್ಲ ನಾನು ಈ ಎರಡು ತಿಂಗಳಿಗೆ ಎತ್ತಿಡುತ್ತೇನೆ. ನಿಜವಾದ ಮಳೆಗಾಲದಲ್ಲೇ ಆ ಕಂತುಗಳು ಬರುವ ಹಾಗೆ ನೋಡಿಕೊಳ್ಳುತ್ತೇನೆ. ಓದುವವರ ಕಿಟಕಿಯ ಹೊರಗೂ ಮಳೆ ಇದ್ದರೆ ನನಗೆ ಅರ್ಧ ವರ್ಣನೆ ಉಳಿಯುತ್ತದೆ. ಆಗಸ್ಟಿನಲ್ಲಿ ಬೋಟು ಇಳಿಯುತ್ತದೆ, ಕಥೆಯೂ ಹೊರಗೆ ಬರುತ್ತದೆ. ನವೆಂಬರಿನಿಂದ ಕಂಬಳ, ಯಕ್ಷಗಾನ, ಕೋಲ. ಊರೆಲ್ಲ ಒಂದೇ ಕಡೆ ಸೇರುವುದರಿಂದ ಯಾರು ಯಾರ ಪಕ್ಕ ಕೂತರು ಅನ್ನುವುದೇ ಒಂದು ಕಂತು.

ನನಗೆ ತುಂಬ ಇಷ್ಟವಾದ ಟ್ರ್ಯಾಕ್ ಹುಟ್ಟಿದ್ದು ಇಲ್ಲೇ. ಮಂದಾರ್ತಿ ದೇವಸ್ಥಾನದ ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದರೆ ಸರದಿ ಬರುವುದಕ್ಕೆ ವರ್ಷಗಟ್ಟಲೆ ಕಾಯಬೇಕು. ಹಂಚಿನವರ ಯಜಮಾನ ಹರಕೆ ಹೇಳಿ ತೀರಿಹೋಗಿದ್ದಾನೆ. ಈಗ ಸರದಿ ಬಂದಿದೆ. ಆಟ ಆಡಿಸುವವರು ಯಾರು? ಮಗನಾ, ಅಳಿಯನಾ? ವೀಳ್ಯ ಯಾರ ಕೈಯಿಂದ? ಆ ಹರಕೆ ಯಾಕೆ ಹೇಳಿಕೊಂಡಿದ್ದ ಅನ್ನುವುದು ಅಜ್ಜಿಗೆ ಮಾತ್ರ ಗೊತ್ತು, ಅಜ್ಜಿ ಬಾಯಿ ಬಿಡುವುದಿಲ್ಲ.

ಇನ್ನು ಬರೆಯುವ ಕೆಲಸದ ಕಸುಬು. ವಾರಪತ್ರಿಕೆಯ ಧಾರಾವಾಹಿಗೆ ಒಂದೇ ಬಗೆಯ ಓದುಗ, ಏಳು ದಿನ ಕಾಯುವವನು. ಆನ್‌ಲೈನಿನಲ್ಲಿ ಎರಡು ಬಗೆ. ಒಬ್ಬಳು ಬುಧವಾರ ರಾತ್ರಿ ಕಾಯುತ್ತಾಳೆ. ಇನ್ನೊಬ್ಬಳು ಆರು ತಿಂಗಳ ಮೇಲೆ ಬಂದು ಒಂದೇ ರಾತ್ರಿ ನಲವತ್ತು ಕಂತು ಓದುತ್ತಾಳೆ. ಮೊದಲನೆಯವಳಿಗೆ ಹಿಂದಿನ ಕಥೆ ನೆನಪಿಸಬೇಕು, ಎರಡನೆಯವಳಿಗೆ ಅದು ತಲೆನೋವು. ಹಾಗಾಗಿ ‘ಇಲ್ಲಿಯವರೆಗೆ’ ಅಂತ ಬರೆಯುವುದನ್ನು ಕೈಬಿಟ್ಟೆ. ನೆನಪಿಸುವ ಕೆಲಸವನ್ನು ಒಂದು ಪಾತ್ರಕ್ಕೆ ಕೊಟ್ಟೆ. ಮೀನು ಮಾರಲು ಮನೆಮನೆಗೆ ಬರುವ ಹೆಂಗಸು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಹೇಳುವಾಗ ಸ್ವಲ್ಪ ತಿರುಚಿಯೇ ಹೇಳುತ್ತಾಳೆ. ಕಾದವಳಿಗೆ ನೆನಪಾಗುತ್ತದೆ, ಒಂದೇ ಉಸಿರಿಗೆ ಓದುವವಳಿಗೆ ಸುಳ್ಳು ಹಿಡಿಯುವ ಖುಷಿ.

ಕಂತಿನ ಕೊನೆಯ ಸಾಲಿನ ಬಗ್ಗೆ ಹೊಸಬರು ಯಾವಾಗಲೂ ಕೇಳುತ್ತಾರೆ. ಟಿವಿಯಲ್ಲಾದರೆ ಮೂರು ಸಲ ಮುಖ ತೋರಿಸಿ ಢಂ ಅನ್ನಿಸಬಹುದು. ಬರಹದಲ್ಲಿ ಆ ಸೌಕರ್ಯ ಇಲ್ಲ. ಬಾಗಿಲು ಬಡಿದ ಸದ್ದು, ಯಾರೋ ಬಂದ ನೆರಳು, ಇವೆಲ್ಲ ಎರಡು ಸಲ ನಡೆಯುತ್ತವೆ, ಮೂರನೇ ಸಲಕ್ಕೆ ಓದುಗರು ನಗುತ್ತಾರೆ. ನಾನು ಕೊನೆಗೆ ಇಡುವುದು ಒಂದು ಹೊಸ ಸಂಗತಿ. ‘ತೋಟದ ಕಂದಾಯ ಹತ್ತು ವರ್ಷದಿಂದ ಬೊಂಬಾಯಿಯಿಂದ ಬರುತ್ತಿದೆ.’ ಇಷ್ಟೇ. ಹಿಂದೆ ಓದಿದ ಐದು ಕಂತು ತಲೆಯಲ್ಲಿ ಮಗುಚಿ ಬೀಳುತ್ತವೆ.

ಖರ್ಚಿಲ್ಲದೆ ಬೋಟು ಮುಳುಗಿಸಬಹುದು ಅನ್ನುವುದೂ ಬರಹದ ಒಂದು ಆಸೆಯೇ. ಹತ್ತು ಜನರನ್ನು ಒಂದೇ ಪ್ಯಾರಾದಲ್ಲಿ ಕೊಲ್ಲಬಹುದು. ಇವತ್ತಿನವರೆಗೆ ಮುಳುಗಿಸಿಲ್ಲ. ಕಡಲಿಗೆ ಹೋದವರು ವಾಪಸ್ ಬಾರದ ಮನೆಗಳು ಬಂದರಿನ ಸುತ್ತ ನಿಜವಾಗಿಯೂ ಇವೆ, ಅವರ ಮನೆಯವರೂ ಇದನ್ನು ಓದುತ್ತಾರೆ.

ಮಾತಿನ ಬಗ್ಗೆ ಒಂದು ಸಾಲು ಸಾಕು. ಅಜ್ಜಿ ಕುಂದಾಪ್ರ ಕನ್ನಡ, ಮೊಮ್ಮಕ್ಕಳು ಬೆಂಗಳೂರಿನ ಕನ್ನಡ, ಬ್ಯಾಂಕಿನಲ್ಲಿ ಎಲ್ಲರೂ ಪುಸ್ತಕದ ಕನ್ನಡ, ಸಿಟ್ಟು ಬಂದರೆ ಎಲ್ಲರೂ ಅಜ್ಜಿ.

ಈಗ ಬರೆಯುತ್ತಿರುವುದು ರೆಸಾರ್ಟ್ ಟ್ರ್ಯಾಕ್. ಬೊಂಬಾಯಿಯವರ ಮೊಮ್ಮಗನಿಗೆ ಕಡಲ ಬದಿಯ ಜಾಗದಲ್ಲಿ ರೆಸಾರ್ಟ್ ಬೇಕು. ಅಡ್ಡ ಬರುವುದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಲ್ಲಿ ಮೊದಲ ಅಧಿಸೂಚನೆ ಬಂದಾಗಿನಿಂದ ಹಳ್ಳಿಯ ಕಡೆಯ ದಂಡೆಯಲ್ಲಿ ಭರತದ, ಅಂದರೆ ಉಬ್ಬರದ, ಗೆರೆಯಿಂದ 200 ಮೀಟರಿನೊಳಗೆ ಇಂಥ ಕಟ್ಟಡ ಏಳುವಂತಿರಲಿಲ್ಲ. 2019ರ ಅಧಿಸೂಚನೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಕಡೆ ಅದನ್ನು 50 ಮೀಟರಿಗೆ ಇಳಿಸಲು ದಾರಿ ಮಾಡಿತು, 2011ರ ಜನಗಣತಿಯ ಲೆಕ್ಕದಲ್ಲಿ. ಅಂದರೆ ನನ್ನ ಊರಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಒಂದು ಮನೆತನದ ಹಣೆಬರಹ ನಿಂತಿದೆ, ಆ ಲೆಕ್ಕ ನನ್ನ ಕೈಯಲ್ಲಿದೆ. ಚದರ ಕಿಲೋಮೀಟರಿಗೆ 2,100ಕ್ಕೆ ನಿಲ್ಲಿಸಿದ್ದೇನೆ. ರೆಸಾರ್ಟ್ ಏಳುವುದಿಲ್ಲ. ಆದರೆ ಏಳುತ್ತದೆ ಅಂತ ನಂಬಿ ಮೊಮ್ಮಗ ಆಗಲೇ ಮುಂಗಡ ತೆಗೆದುಕೊಂಡಿದ್ದಾನೆ, ಕೊಟ್ಟವನು ಆ ಕಮಿಷನ್ ಏಜೆಂಟ್.