ಸರ್ವರ್ ರೂಮಿನ ಅಲರ್ಟ್: ಮಿತಿಗಳನ್ನು ನಾನು ಮತ್ತೆ ಹಾಕಿದ್ದು ಹೀಗೆ

ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮಾನಿಟರಿಂಗ್‌ಗೆ ಝ್ಯಾಬಿಕ್ಸ್ ಅನ್ನುವ ಸಾಫ್ಟ್‌ವೇರ್ ಇದೆ. ಸರ್ವರ್ ರೂಮಿನ ಟೆಂಪರೇಚರ್ ಸೆನ್ಸರ್‌ಗೆ ಮೊದಲು 30 ಡಿಗ್ರಿ ಮಿತಿ ಇಟ್ಟಿದ್ದೆ. ದಾಟಿದರೆ ಒಂದು ಮೆಸೇಜ್, ಇಳಿದರೆ ಇನ್ನೊಂದು.

ಏಪ್ರಿಲ್ ಬಂತು. ನಮ್ಮೂರಿನ ಬಿಸಿಲು ಗೊತ್ತಲ್ವಾ? ಮಧ್ಯಾಹ್ನವೆಲ್ಲ ರೀಡಿಂಗ್ 30.1, 29.9, 30.2 ಅಂತ ಓಲಾಡುತ್ತಿತ್ತು. ಒಂದೊಂದು ಸಲವೂ ಮೊಬೈಲ್ ಟಿಂಗ್ ಅನ್ನುತ್ತಿತ್ತು. ಎರಡು ವಾರ ಎದ್ದು ಹೋಗಿ ನೋಡಿದೆ. ಆಮೇಲೆ ನೋಡುವುದನ್ನೇ ಬಿಟ್ಟೆ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಯುಪಿಎಸ್ ಇದ್ದದ್ದರಿಂದ ಸರ್ವರ್‌ಗಳು ನಿಲ್ಲಲಿಲ್ಲ. ಎಸಿಗೆ ಯುಪಿಎಸ್ ಇಲ್ಲ, ಕರೆಂಟ್ ಬಂದ ಮೇಲೆ ಅದು ತಾನಾಗಿ ಶುರುವಾಗಲೂ ಇಲ್ಲ. ಅಲರ್ಟ್ ಬಂದಿತ್ತು. ದಿನಾ ಬರುವುದೇ ಅಂದುಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಉರಿಯುವ ಒಲೆ ಮುಂದೆ ನಿಂತ ಹಾಗಾಯಿತು. ಸ್ಟೋರೇಜ್‌ನ ಎರಡು ಡಿಸ್ಕ್ ಹೋಗಿದ್ದವು. ಮಕ್ಕಳ ಪ್ರಾಜೆಕ್ಟ್ ಫೈಲುಗಳನ್ನು ಬ್ಯಾಕಪ್‌ನಿಂದ ತರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವರ ಮುಖ ನೋಡಲು ಆಗಲಿಲ್ಲ.

ಆಮೇಲೆ ಸೆನ್ಸರ್ ಎಲ್ಲಿದೆ ಅಂತ ಮೊದಲು ನೋಡಿದೆ. ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕಿನ ಹಿಂದೆ, ಫ್ಯಾನ್ ಬಿಸಿಗಾಳಿ ಹೊರಹಾಕುವ ಕಡೆ ಇತ್ತು. ಸರ್ವರ್ ಒಳಗೆ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಅನ್ನುವುದು ಮುಖ್ಯ. ಎಸಿ ವ್ಯವಸ್ಥೆಗಳಿಗೆ ಮಾನದಂಡ ಹಾಕುವ ಆಶ್ರೇ ಸಂಸ್ಥೆ ಹೇಳುವ 18ರಿಂದ 27 ಡಿಗ್ರಿ ಕೂಡ ಆ ಗಾಳಿಗೇ. ಸೆನ್ಸರನ್ನು ರ‍್ಯಾಕಿನ ಮುಂದೆ ತಂದು, ಒಂದು ವಾರ ಮಿತಿ ಬದಲಾಯಿಸದೆ ಸುಮ್ನೆ ಗ್ರಾಫ್ ನೋಡಿದೆ. ಹಗಲು ರಾತ್ರಿ 23ರಿಂದ 25ರ ಒಳಗೇ ಇತ್ತು.

ಈಗ ಒಂದೇ ರೀಡಿಂಗ್ ನೋಡಿ ಅಲರ್ಟ್ ಹೋಗುವುದಿಲ್ಲ. 5 ನಿಮಿಷದ ಸರಾಸರಿ 27 ದಾಟಬೇಕು. ಸರಿಹೋಯಿತು ಅನ್ನಲು 26.9 ಸಾಲದು, 25.5ಕ್ಕೆ ಇಳಿಯಬೇಕು. ಟಿಂಗ್ ಟಿಂಗ್ ನಿಂತದ್ದು ಈ ಅಂತರದಿಂದಲೇ. ಇನ್ನೊಂದು ಟ್ರಿಗರ್ (ಅಲರ್ಟ್ ಕಳಿಸುವ ನಿಯಮ) ನನಗೆ ತುಂಬಾ ಇಷ್ಟ: 10 ನಿಮಿಷದಲ್ಲಿ 3 ಡಿಗ್ರಿ ಏರಿದರೆ, ಮಿತಿ ದಾಟದಿದ್ದರೂ ಫೋನ್ ಬಡಿದುಕೊಳ್ಳಬೇಕು. ಬಿಸಿಲಿನ ಕಾವು ನಿಧಾನಕ್ಕೆ ಏರುತ್ತದೆ. ಎಸಿ ನಿಂತರೆ ಗ್ರಾಫ್ ಗೋಡೆ ಹತ್ತಿದ ಹಾಗೆ ನೆಟ್ಟಗೆ ಹೋಗುತ್ತದೆ.

ನೆಟ್‌ವರ್ಕ್ ಸ್ವಿಚ್‌ಗಳಿಗೆ ಡಿಪೆಂಡೆನ್ಸಿ ಹಾಕಿದೆ, ಅಂದರೆ ಯಾವುದು ಯಾವುದನ್ನು ನಂಬಿಕೊಂಡಿದೆ ಅಂತ ಝ್ಯಾಬಿಕ್ಸ್‌ಗೆ ಹೇಳಿದೆ. ಮುಖ್ಯ ಸ್ವಿಚ್ ಕೆಲಸ ನಿಲ್ಲಿಸಿದರೆ ಅದರ ಹಿಂದಿನ ಎಲ್ಲದರ ಅಲರ್ಟ್ ಬರುವುದಿಲ್ಲ, ಅದೊಂದರದ್ದೇ ಬರುತ್ತದೆ.

ಮೆಸೇಜ್ ಕೂಡ ಬದಲಾಯಿಸಿದೆ. ಮೊದಲು ಬರೀ ಸೆನ್ಸರ್ ಹೆಸರು, ಅಂಕಿ ಇತ್ತು. ನಿದ್ದೆಗಣ್ಣಲ್ಲಿ ಅದನ್ನು ಓದಿ ಏನು ಮಾಡುವುದು? ಈಗ ಹೀಗಿದೆ: 'ಎಸಿ ನಿಂತಿರಬಹುದು. ವಾಚ್‌ಮನ್‌ಗೆ ಫೋನ್ ಮಾಡು. ರಿಮೋಟ್ ಬಾಗಿಲ ಬಲಕ್ಕೆ.' 15 ನಿಮಿಷದಲ್ಲಿ ನಾನು ಅಕ್ನಾಲೆಜ್ (ನೋಡಿದೆ ಅಂತ ತಿಳಿಸುವ ಬಟನ್) ಒತ್ತದಿದ್ದರೆ ಜೊತೆಯವರಿಗೆ ಹೋಗುತ್ತದೆ.

ತಾನಾಗಿ ಶುರುವಾಗುವ ಎಸಿ ಬೇಕು ಅಂತ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಬಂದಿಲ್ಲ. ಮೇ ತಿಂಗಳಲ್ಲಿ ಒಂದು ರಾತ್ರಿ ಮತ್ತೆ ಕರೆಂಟ್ ಹೋಗಿ ಬಂತು. ಎರಡು ಗಂಟೆಗೆ ಫೋನ್ ಬಡಿದುಕೊಂಡಿತು. ರೀಡಿಂಗ್ ಇನ್ನೂ 26.8. ವಾಚ್‌ಮನ್‌ಗೆ ಫೋನ್ ಮಾಡಿದೆ. ಅವರು ಹೋಗಿ ರಿಮೋಟ್ ಒತ್ತಿದರು. ಗ್ರಾಫ್ ಕೆಳಗೆ ತಿರುಗುವವರೆಗೂ ಹಾಸಿಗೆ ಮೇಲೆ ಕೂತು ನೋಡಿದೆ. ಆಮೇಲೆ ಮಲಗಿದೆ.