ಮೂಲೆ ಸೇರಿದ ಆರ್ಗನ್ ಅನ್ನು ಕಂಪ್ಯೂಟರ್‌ನಿಂದ ನುಡಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ನುಡಿಸುವವರು ಓದಿಗೆಂದೋ ಕೆಲಸಕ್ಕೆಂದೋ ಊರು ಬಿಟ್ಟ ಮೇಲೆ ಎಲೆಕ್ಟ್ರಾನಿಕ್ ಆರ್ಗನ್ ಮೂಲೆ ಸೇರುವುದುಂಟು. ಕೊಯರ್‌ನ (ಗಾಯಕವೃಂದದ) ಮಕ್ಕಳು ಮೊಬೈಲ್ ಸ್ಪೀಕರ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಅದರಲ್ಲಿ ಬಾಸ್ ಕೇಳುವುದೇ ಇಲ್ಲ. ಅದೇ ಕೋಣೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್, ಎದೆಗೆ ತಾಗುವ ಪೆಡಲ್ (ಕಾಲಿನಿಂದ ಒತ್ತುವ ಕೀ) ಸ್ವರ ಎಲ್ಲವೂ ಇರುವ ವಾದ್ಯ ಸುಮ್ಮನೆ ಕೂತಿರುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಕೇಬಲ್ ಇದ್ದರೆ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದು.

ಇದಕ್ಕೆ ಬೇಕಾದದ್ದು ಮಿಡಿ. 1983ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ತಂತಿಯೊಳಗೆ ಹೋಗುವುದು ಧ್ವನಿಯಲ್ಲ, ಆಜ್ಞೆ: ಯಾವ ಕೀ ಒತ್ತಬೇಕು, ಯಾವಾಗ ಬಿಡಬೇಕು. ಕೀಗಳಿಗೆ 0ರಿಂದ 127ರವರೆಗೆ ಸಂಖ್ಯೆಗಳಿವೆ, ನಡುವಿನ ಸಿ ಸ್ವರ 60. ಧ್ವನಿ ಹುಟ್ಟುವುದು ಆರ್ಗನ್ನಿನಲ್ಲೇ. ಆದ್ದರಿಂದ ಆಡಿಯೋ ಕೇಬಲ್ ಬೇಡ.

ಮೊದಲು ಆರ್ಗನ್ನಿನ ಹಿಂಬದಿ ನೋಡಿ. ಐದು ತೂತಿನ ದುಂಡಗಿನ ಸಾಕೆಟ್‌ಗಳ ಪೈಕಿ ‘ಇನ್’ ಎಂದು ಬರೆದದ್ದು ಇರಲೇಬೇಕು. ಬರೀ ‘ಔಟ್’ ಇದ್ದರೆ ಈ ಕೆಲಸ ಆಗದು. ಚೌಕಾಕಾರದ ಯುಎಸ್‌ಬಿ ಕಿಂಡಿ ಇದ್ದರೆ ಕೆಲಸ ಇನ್ನೂ ಸುಲಭ, ಪ್ರಿಂಟರ್‌ಗೆ ಹಾಕುವ ಕೇಬಲ್ಲೇ ಸಾಕು. ಚಪ್ಪಟೆ ಕಿಂಡಿ ಸಾಮಾನ್ಯವಾಗಿ ಪೆನ್‌ಡ್ರೈವ್‌ಗೆ ಮೀಸಲು, ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಬೇಡಿ. 1983ಕ್ಕಿಂತ ಹಳೆಯ ವಾದ್ಯದಲ್ಲಿ ಇದ್ಯಾವುದೂ ಇರುವುದಿಲ್ಲ.

ದುಂಡಗಿನ ಸಾಕೆಟ್ ಆದರೆ ಕಂಪ್ಯೂಟರ್‌ನ ಯುಎಸ್‌ಬಿ ಕಿಂಡಿಗೂ ಈ ಸಾಕೆಟ್‌ಗೂ ನಡುವೆ ಹಾಕುವ ಯುಎಸ್‌ಬಿ ಮಿಡಿ ಇಂಟರ್‌ಫೇಸ್ ಒಂದನ್ನು ಕೊಳ್ಳಿ. ಕಂಪ್ಯೂಟರ್‌ನ ಔಟ್, ಆರ್ಗನ್ನಿನ ಇನ್‌ಗೆ ಹೋಗಬೇಕು. ಅಗ್ಗದ ಕೇಬಲ್‌ಗಳ ಮೇಲೆ ಬರೆದಿರುವುದು ಗೊಂದಲ ಹುಟ್ಟಿಸುತ್ತದೆ. ಸ್ವರ ಬಾರದಿದ್ದರೆ ಎರಡೂ ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿ, ಏನೂ ಕೆಡುವುದಿಲ್ಲ. ಮಿಡಿ ಇನ್‌ನ ಒಳಗೆ ಆಪ್ಟೋಕಪ್ಲರ್ ಇರುತ್ತದೆ. ಸಂಕೇತ ಬೆಳಕಿನ ರೂಪದಲ್ಲಿ ದಾಟುವುದರಿಂದ ಎರಡು ಯಂತ್ರಗಳ ನಡುವೆ ಅರ್ತಿಂಗ್‌ನ ಗುಂಯ್ ಸದ್ದು ಹುಟ್ಟದು. ಮಿಡಿ ತಂತಿಯನ್ನು 15 ಮೀಟರ್‌ವರೆಗೂ ಎಳೆಯಬಹುದು.

ಇನ್ನು ಚಾನೆಲ್, ಅಂದರೆ ಒಂದೇ ತಂತಿಯಲ್ಲಿ ಆಜ್ಞೆಗಳು ಬೇರೆ ಬೇರೆಯಾಗಿ ಹೋಗುವ ದಾರಿ. ಒಟ್ಟು 16 ಇವೆ. ಎಷ್ಟೋ ಆರ್ಗನ್‌ಗಳಲ್ಲಿ ಮೇಲಿನ ಮ್ಯಾನುವಲ್ (ಕೈಯಿಂದ ನುಡಿಸುವ ಕೀಗಳ ಸಾಲು) 1, ಕೆಳಗಿನದು 2, ಪೆಡಲ್ 3. ಖಚಿತವಾಗಿ ತಿಳಿಯಲು ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್ ನೋಡಿ. ಸೊನ್ನೆ ಹಾಕಿದ್ದರೆ ಆಗುತ್ತದೆ, ಕತ್ತರಿ ಗುರುತಿದ್ದರೆ ಆಗದು. ನಮಗೆ ಮುಖ್ಯ ‘ರೆಕಗ್ನೈಸ್ಡ್’ ಎಂಬ ಕಾಲಂ, ‘ಟ್ರಾನ್ಸ್‌ಮಿಟೆಡ್’ ಅಲ್ಲ. ಕೈಪಿಡಿ ಕಳೆದಿದ್ದರೆ 60ನೇ ಸ್ವರವನ್ನು ಒಂದೊಂದೇ ಚಾನೆಲ್‌ನಲ್ಲಿ ಕಳುಹಿಸಿ, ಎಲ್ಲಿಂದ ನುಡಿಯುತ್ತದೆಂದು ಬರೆದಿಟ್ಟುಕೊಳ್ಳಿ.

ಹಾಡನ್ನು ಬರೆಯಲು ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶ ಸಾಕು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಕನ್ನಡ ಗೀತೆಗಳು ಜರ್ಮನ್ ರಾಗಗಳಿಗೆ ಹೊಂದಿಕೊಂಡವು. ಅಂಥ ಗೀತೆಯೊಂದರ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳನ್ನು (ಅತಿ ಮೇಲಿನದರಿಂದ ಕೆಳಗಿನದಕ್ಕೆ) ಬೇರೆ ಬೇರೆ ಸಾಲಿನಲ್ಲಿ ಬರೆದು ಮಿಡಿ ಫೈಲ್ ಆಗಿ ಉಳಿಸಿ. ಅದನ್ನು ಮಿಡಿ ಫೈಲ್ ನುಡಿಸುವ ತಂತ್ರಾಂಶವಾದ ರೀಪರ್‌ನಲ್ಲಿ, ಲಿನಕ್ಸ್ ಆದರೆ ರೋಸ್‌ಗಾರ್ಡನ್‌ನಲ್ಲಿ ತೆರೆದು, ಪ್ರತಿ ಟ್ರ್ಯಾಕ್‌ನ ಔಟ್‌ಪುಟ್‌ಗೆ ನಿಮ್ಮ ಇಂಟರ್‌ಫೇಸ್ ಮತ್ತು ಚಾನೆಲ್ ಆರಿಸಿ. ವಿಂಡೋಸ್‌ನಲ್ಲಿ ಔಟ್‌ಪುಟ್ ಮೈಕ್ರೋಸಾಫ್ಟ್ ಜಿಎಸ್ ಸಿಂತ್ ಎಂಬ ಕಂಪ್ಯೂಟರ್‌ನೊಳಗಿನ ವಾದ್ಯಕ್ಕೆ ಹೋಗುತ್ತಿದ್ದರೆ ಲ್ಯಾಪ್‌ಟಾಪ್ ತಾನೇ ನುಡಿಯುತ್ತದೆ, ಆರ್ಗನ್ ಸುಮ್ಮನಿರುತ್ತದೆ.

ಈ ಜೋಡಣೆಯ ನಿಜವಾದ ಲಾಭ ಇರುವುದು ಇಲ್ಲೇ. ಆಲ್ಟೊ ಹಾಡುವ ಮಕ್ಕಳಿಗೆ ತಮ್ಮ ಸಾಲು ಸೊಪ್ರಾನೊದಡಿ ಕಳೆದುಹೋಗುತ್ತದೆ. ಆಲ್ಟೊವನ್ನು ಮಾತ್ರ ಕೆಳಗಿನ ಮ್ಯಾನುವಲ್‌ಗೆ ಕಳುಹಿಸಿ ಅಲ್ಲಿ ಟ್ರಂಪೆಟ್‌ನಂಥ ಗಟ್ಟಿ ಸ್ಟಾಪ್ (ಧ್ವನಿಯ ಬಗೆ ಆರಿಸುವ ಗುಂಡಿ) ಎಳೆಯಿರಿ, ಉಳಿದ ಸಾಲುಗಳನ್ನು ಮೇಲೆ ಮೆತ್ತಗಿನ ಫ್ಲೂಟ್‌ನಲ್ಲಿ ಬಿಡಿ. ವೇಗ ಅರ್ಧಕ್ಕೆ ಇಳಿಸಿದರೂ ಶ್ರುತಿ ಇಳಿಯದು.  ಪ್ರತಿ ಚರಣದ ಕೊನೆಗೆ ಉಸಿರಿಗೆ ಜಾಗ ಬಿಡಲು ಮರೆಯಬೇಡಿ, ಯಂತ್ರ ತಾನಾಗಿ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಇದು ಅಭ್ಯಾಸಕ್ಕೆ ಸರಿ. ಆರಾಧನೆಯ ಹೊತ್ತಿಗೆ ಸಭೆಯ ಉಸಿರು ನೋಡಿ ನುಡಿಸುವ ಮನುಷ್ಯರೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಟಾಪ್‌ಗಳನ್ನೂ ಪ್ರೋಗ್ರಾಂ ಚೇಂಜ್ ಸಂದೇಶದಿಂದ ಬದಲಿಸಬಹುದು. ಕೆಲವು ತಂತ್ರಾಂಶಗಳು 0ರಿಂದ, ಕೆಲವು 1ರಿಂದ ಎಣಿಸುವುದರಿಂದ ಒಂದು ಸಂಖ್ಯೆಯ ವ್ಯತ್ಯಾಸ ಬರುತ್ತದೆ. ಆರಂಭದಲ್ಲಿ ಸ್ಟಾಪ್‌ಗಳನ್ನು ಕೈಯಿಂದಲೇ ಎಳೆಯುವುದು ಲೇಸು. ಅಂತರ್ಜಾಲದಿಂದ ಇಳಿಸಿಕೊಂಡ ಫೈಲ್ ಆದರೆ ಅದರೊಳಗಿನ ಪ್ರೋಗ್ರಾಂ ಚೇಂಜ್‌ಗಳನ್ನು ಅಳಿಸಿ, 10ನೇ ಚಾನೆಲ್ ಮುಚ್ಚಿ. ಸಾಮಾನ್ಯವಾಗಿ ಅಲ್ಲಿ ಇರುವುದು ಡ್ರಮ್. 61 ಕೀಗಳ ಮ್ಯಾನುವಲ್ ಸಾಮಾನ್ಯವಾಗಿ 36ರಿಂದ 96ರವರೆಗಿನ ಸ್ವರಗಳನ್ನು ಹೊಂದಿರುತ್ತದೆ, ಅದರಾಚೆಯವು ಕೇಳಿಸದೆ ಹೋಗಬಹುದು. ಬೆರಳಿನ ಒತ್ತಡಕ್ಕೆ ಸ್ಪಂದಿಸದ ಆರ್ಗನ್‌ಗಳೇ ಹೆಚ್ಚು. ಏರಿಳಿತ ಬೇಕಿದ್ದರೆ 7 ಅಥವಾ 11ನೇ ಕಂಟ್ರೋಲರ್ (ಧ್ವನಿಯ ಮಟ್ಟ ಬದಲಿಸುವ ಸಂದೇಶ) ಬಳಸಿ.

ನುಡಿಯುತ್ತಿರುವಾಗ ಕೇಬಲ್ ಕಿತ್ತರೆ ‘ಕೀ ಬಿಡು’ ಎಂಬ ಆಜ್ಞೆ ತಲುಪದೆ ಸ್ವರ ಎಳೆಯುತ್ತಲೇ ಇರಬಹುದು. ಕೇಬಲ್ ಮತ್ತೆ ಜೋಡಿಸಿ ತಂತ್ರಾಂಶದ ಪ್ಯಾನಿಕ್ ಬಟನ್ ಒತ್ತಿದರೆ ನಿಲ್ಲುತ್ತದೆ. ನಮ್ಮ ಮಳೆಗಾಲದ ತೇವ, ಉಪ್ಪುಗಾಳಿ ಸಾಕೆಟ್‌ಗಳಲ್ಲಿ ಹಸಿರು ಕಿಲುಬು ಕಟ್ಟಿಸುತ್ತವೆ. ಸ್ವಿಚ್ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಹೊದಿಸಲು ಹತ್ತಿ ಬಟ್ಟೆ ಒಳ್ಳೆಯದು, ಪ್ಲಾಸ್ಟಿಕ್ ಒಳಗಿನ ತೇವವನ್ನು ಹಿಡಿದಿಡುತ್ತದೆ.

ಆರ್ಗನ್ನಿನ ಕೀಗಳಿಂದಲೇ ಕಂಪ್ಯೂಟರ್‌ಗೆ ಹಾಡು ತುಂಬಿಸಲು ಔಟ್ ಸಾಕೆಟನ್ನೂ ಜೋಡಿಸಿದರೆ ಒಂದೇ ಕೀ ಎರಡು ಸಲ ನುಡಿಯಬಹುದು. ಆಗ ಲೋಕಲ್ ಕಂಟ್ರೋಲ್ ಆಫ್ ಮಾಡಬೇಕು, ಅಂದರೆ ಕೀಗಳಿಗೂ ಒಳಗಿನ ಧ್ವನಿಗೂ ಇರುವ ನೇರ ಸಂಪರ್ಕ ಕಡಿಯಬೇಕು. ಕೆಲಸ ಮುಗಿದೊಡನೆ ಅದನ್ನು ಮತ್ತೆ ಆನ್ ಮಾಡಿ, ಒಂದೆರಡು ಕೀ ಒತ್ತಿ ಪರೀಕ್ಷಿಸಿ. ಇಲ್ಲದಿದ್ದರೆ ಭಾನುವಾರ ನುಡಿಸಲು ಕೂತವರು ಆರ್ಗನ್ ಕೆಟ್ಟಿದೆಯೆಂದು ರಿಪೇರಿಯವರನ್ನು ಕರೆಸುತ್ತಾರೆ.